ಹದಿನಾಲ್ಕು ಡ್ಯಾಂಡೆಲಿಯನ್

ಏಪ್ರಿಲ್ 28, ಬೆಳಿಗ್ಗೆ 7
ಮತ್ತೆ ಬೂಟಿನೊಳಗೆ ನೀರು. ಹೊಸ ಬೂಟು ಕೊಳ್ಳಬೇಕು ಅಂತ ಹೋದ ವರ್ಷವೂ ಇದೇ ದಿನ ಬರೆದಿದ್ದೆ. ಹೆಪಾಟಿಕಾ ಅರಳಿದೆ. ಚರ್ಚಿನ ಹಿಂದಿನ ಇಳಿಜಾರಿನಲ್ಲಿ ನಲವತ್ತೊಂದು. ನೀಲಿ ಅಂದರೆ ಎಂಥ ನೀಲಿ! ಬಂಡೆಯ ನೆರಳಲ್ಲಿ ಹಿಮ ಇನ್ನೂ ಕೂತೇ ಇದೆ, ಇವಕ್ಕೆ ಅದರ ಪರಿವೆಯೇ ಇಲ್ಲ. ದಂಟಿನ ತುಂಬ ನವಿರು ರೋಮ, ಉಣ್ಣೆ ಅಂಗಿ ತೊಟ್ಟೇ ಹುಟ್ಟಿದ ಹಾಗೆ. ಮಂಡಿಯೂರಿ ಕೂತವಳು ಏಳುವಷ್ಟರಲ್ಲಿ ಅರ್ಧ ಗಂಟೆ. ಶಾಲೆ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಈ ಹೊತ್ತಿಗೆ ಹಿಂದಿನ ಸೀಟಿನ ಜಗಳ ಬಿಡಿಸುತ್ತಿದ್ದೆ. ಇಪ್ಪತ್ತೆಂಟು ವರ್ಷದ ವಸಂತಗಳು ಹಾಗೇ ಹೋದವು… ಇರಲಿ.

ಮೇ 3
ಆರ್ಡನ್ ಹಿಲ್ಡಿಚ್ ಹೇಳಿ ಕಳಿಸಿದ್ದರು, ಹೋಗಿದ್ದೆ. ಎಂಬತ್ತನಾಲ್ಕಾಯಿತು ಅವರಿಗೆ. ಈ ಪರ್ಯಾಯ ದ್ವೀಪದ ಅರ್ಧ ರಸ್ತೆ ಅಳೆದ ಸರ್ವೆಯರ್. ಮೂವತ್ತು ವರ್ಷದ ಹಿಂದೆ ನನಗೆ ಆರ್ಕಿಡ್ ಹುಚ್ಚು ಹಿಡಿಸಿದವರೂ ಇವರೇ. ಮಗಳು ನೊರೀನ್ ಬೆಣ್ಣೆ ಟಾರ್ಟ್ ಮಾಡಿದ್ದಳು. ಮೂರು ತಿಂದೆ. ನಾಚಿಕೆಯಿಲ್ಲ.

ಕರೆದದ್ದು ಅವರ ಕಣ್ಣಿನ ವಿಷಯಕ್ಕೆ. ಬಲಗಣ್ಣಿನ ನಡುಭಾಗ ಹೋಗೇಬಿಟ್ಟಿದೆ, ನೇರ ನೋಡಿದರೆ ಕಪ್ಪು ಮಚ್ಚೆ. ಎಡಗಣ್ಣೂ ಅದೇ ದಾರಿಯಲ್ಲಿದೆ. ಬರುವ ವಸಂತದ ಮಾತು ಆಡಬೇಡಿ ಅಂದಿದ್ದಾರಂತೆ ಡಾಕ್ಟರು. ಅದನ್ನು ಆರ್ಡನ್ ಹವಾಮಾನ ವರದಿ ಓದುವ ಹಾಗೆ ಹೇಳಿದರು. ಆಮೇಲೆ ತಮ್ಮ ಹಸಿರು ಕ್ಯಾನ್ವಾಸಿನ ನೋಟ್‌ಬುಕ್ ನನ್ನ ತೊಡೆ ಮೇಲಿಟ್ಟರು.

"ಬಿಳಿ ಟಗರುತಲೆ. ಇನ್ನೊಂದ್ ಸಲ ನೋಡ್ಬೇಕು, ಮೇವಿಸ್. ಅಷ್ಟೇ."

ಟಗರುತಲೆ ಅಂದರೆ ನಮ್ಮ ಕಡೆಯ ಚಪ್ಪಲಿಯಾಕಾರದ ಆರ್ಕಿಡ್ ಹೂಗಳಲ್ಲೆಲ್ಲ ಚಿಕ್ಕದು, ಅಪರೂಪದ್ದು. ಕೆಂಪು ಗೆರೆಯದನ್ನು ಕಂಡಿದ್ದೇನೆ. ಬಿಳಿಯದನ್ನು ಇಲ್ಲ. ಆ ಜಾಗ ಆರ್ಡನ್ ಒಬ್ಬರಿಗೇ ಗೊತ್ತಿತ್ತು, ಯಾರಿಗೂ ತೋರಿಸಿಲ್ಲ. ನಾವು ಆರ್ಕಿಡ್ ಜನ ಹಾಗೇ. ಜಾಗ ಹೇಳುವುದಿಲ್ಲ, ಕಾರು ಒಂದು ಮೈಲಿ ದೂರ ನಿಲ್ಲಿಸುತ್ತೇವೆ, ಒಂದೇ ದಾರಿಯಲ್ಲಿ ಎರಡು ಸಲ ನಡೆಯುವುದಿಲ್ಲ — ಕಾಲುದಾರಿ ಬಿದ್ದರೆ ಗಿಡ ಅಗೆದೊಯ್ಯುವ ಕಳ್ಳನಿಗೆ ಅದೇ ನಕ್ಷೆ. ಆರ್ಡನ್ ಗಾಳ ಹಿಡಿದುಕೊಂಡೇ ಕಾಡಿಗೆ ಹೋಗುತ್ತಿದ್ದರು. ಅವರಷ್ಟು ಕಡಿಮೆ ಮೀನು ಹಿಡಿದವರು ಇಡೀ ಊರಲ್ಲಿ ಇಲ್ಲ.

ಹನ್ನೊಂದು ವರ್ಷದಿಂದ ಹೋಗಿಲ್ಲವಂತೆ, ಸೊಂಟದ ಆಪರೇಷನ್ ಆದಮೇಲೆ. ಜಾಗ ಮರೆತಿದೆ. ಪುಸ್ತಕದಲ್ಲಿ ಬರೆದದ್ದುಂಟು, ಆದರೆ… ಯಾರ ಕೈಗಾದರೂ ಸಿಕ್ಕೀತು ಅಂತ ಏನೋ ಒಂದು ಸುಳ್ಳು ಸೇರಿಸಿದ್ದರಂತೆ. ಯಾವ ಸುಳ್ಳು ಅನ್ನುವುದೂ ಮರೆತಿದೆ! ದಿಕ್ಕು ತಿರುವಿಹಾಕಿರಬೇಕು ಅನ್ನುತ್ತಾರೆ. ನೊರೀನ್ ಅಡುಗೆಮನೆಯಿಂದಲೇ ನಕ್ಕಳು. ನನಗೂ ನಗು ಬಂತು, ತಡೆದುಕೊಂಡೆ.

ಮನೆಗೆ ತಂದು ಓದಿದೆ. "ಟಗರುತಲೆ. ಹಳೇ ಮಿಲ್ಲಿನ ಸೇತುವೆಯಿಂದ ಉತ್ತರಕ್ಕೆ 212 ಹೆಜ್ಜೆ. ಲೆಕ್ಕವಿಲ್ಲದಷ್ಟು." ಅಬ್ಬಾ! ಅದರ ಕೆಳಗೇ — "ಡ್ಯಾಂಡೆಲಿಯನ್. ಸುಣ್ಣಕಲ್ಲಿನ ಹಾಸು ಮುಗಿಯುವಲ್ಲಿ, ಬಾಗಿದ ಸೀಡರ್ ಮರದಿಂದ ಪೂರ್ವಕ್ಕೆ 9 ಹೆಜ್ಜೆ. 14." ಎಲ್ಲರ ಹುಲ್ಲುಹಾಸಿಗೂ ಅಂಟಿದ ಪೀಡೆ ಆ ಹಳದಿ ಕಳೆ, ಅದಕ್ಕೂ ಹೆಜ್ಜೆ ಅಳೆದಿದ್ದಾರೆ ಪುಣ್ಯಾತ್ಮ. ಅಳೆಯುವ ಚಟ.

ಮೇ 12
ಸೇತುವೆಯಿಂದ ಉತ್ತರಕ್ಕೆ 212. ಮಿಲ್ಲಿನ ಹಳೇ ಅಂಗಳ ಸಿಕ್ಕಿತು. ಅಂಗಳದ ತುಂಬ ಡ್ಯಾಂಡೆಲಿಯನ್. ಬೇರೇನೂ ಇಲ್ಲ. ದಕ್ಷಿಣಕ್ಕೆ ಹೋದೆ — ಮೊಣಕಾಲುದ್ದ ಕೆಸರು. ಕಪ್ಪು ನೊಣಗಳು ಕಿವಿಯ ಹಿಂದೆ ಔತಣ ಮಾಡಿಕೊಂಡವು. ಬೂಟಿನ ಕಥೆ ಮುಗಿಯಿತು.

ಮೇ 17
ಪೂರ್ವಕ್ಕೆ. ಟಗರುತಲೆ ಇಲ್ಲ. ಆದರೆ ಕ್ಯಾಲಿಪ್ಸೊ ಆರ್ಕಿಡ್! ಪಾಚಿಯ ಮೇಲೆ ಆರು. ಒಂದೊಂದಕ್ಕೂ ಒಂದೇ ಎಲೆ, ಒಂದೇ ಹೂ. ಗುಲಾಬಿ ಕಿರೀಟ, ಕೆಳಗೆ ಬಿಳಿ ಚಪ್ಪಲಿ, ಬಾಯಲ್ಲಿ ಹಳದಿ ರೋಮ, ತುದಿಯಲ್ಲಿ ಎರಡು ಪುಟ್ಟ ಕೊಂಬು. ಹೆಬ್ಬೆರಳಿನಷ್ಟೂ ಎತ್ತರವಿಲ್ಲ, ಠೀವಿ ನೋಡಿದರೆ ರಾಣಿಯದು. ಮಲಗಿ ಮೂಸಿದೆ. ವೆನಿಲಾ ಪರಿಮಳ, ತೆಳ್ಳಗೆ. ಹುಡುಕಿ ಬಂದದ್ದು ಮರೆತೇಹೋಯಿತು. ಅರವತ್ತಮೂರರ ಹೆಂಗಸು ಹೊಟ್ಟೆಯ ಮೇಲೆ ಮಲಗಿ ಹೂವಿಗೆ "ಚೆನ್ನಾಗಿದ್ದೀಯ ಕಣೇ" ಅನ್ನುವುದನ್ನು ಯಾರೂ ನೋಡಲಿಲ್ಲ, ಸದ್ಯ.

ಆರ್ಡನ್‌ಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಎಲೆ ಎಷ್ಟಗಲ, ಕೊಂಬು ಎತ್ತ ಬಾಗಿದೆ, ಒಂದೊಂದಾಗಿ ಕೇಳಿದರು. ಕೊನೆಗೆ, ಅದು ಸಿಕ್ಕಿತಾ ಅಂತ ಮೆಲ್ಲಗೆ ಕೇಳಿದರು. ಇಲ್ಲ ಅಂದೆ.

ಮೇ 21
ಪಶ್ಚಿಮ. ಸರೋವರದ ದಂಡೆಗೇ ಬಂದುಬಿಟ್ಟೆ. ಕುಳ್ಳ ಐರಿಸ್ ಹೂಗಳು ನೀಲಿ ಜಮಖಾನ ಹಾಸಿವೆ. ಚೆಂದವೇ, ಆದರೆ ಇವತ್ತು ಮನಸ್ಸಿಲ್ಲ. ನಾಲ್ಕು ದಿಕ್ಕೂ ಮುಗಿದವು.

ಮೇ 27, ಮಧ್ಯಾಹ್ನ
ಮನೆಗೆ ಬಂದವಳೇ ಬರೆಯುತ್ತಿದ್ದೇನೆ, ಬೂಟೂ ಬಿಚ್ಚಿಲ್ಲ.

ಸೋತೆ ಅಂತ ಹೇಳಿ ನೋಟ್‌ಬುಕ್ ವಾಪಸು ಕೊಡಲು ಹೋಗಿದ್ದೆ. ಆರ್ಡನ್ ಒಳಗೆ ಮಲಗಿದ್ದರು. ನೊರೀನ್ ಅಂಗಳದಲ್ಲಿ ಕೂತು ಡ್ಯಾಂಡೆಲಿಯನ್ ಕೀಳುತ್ತಿದ್ದಳು. ಅಪ್ಪನಿಗೆ ಈ ಹೂ ಕಂಡರೆ ಆಗುವುದಿಲ್ಲ ಅಂದಳು. ಅಮ್ಮ ಲಾರ್ನಾ ಬದುಕಿದ್ದಾಗ ಪ್ರತಿ ಮೇ ತಿಂಗಳೂ ಬೇಕೆಂದೇ ಒಂದು ಹಿಡಿ ಕಿತ್ತು ತಂದು ಊಟದ ಮೇಜಿನ ಹೂದಾನಿಯಲ್ಲಿ ಇಡುತ್ತಿದ್ದಳಂತೆ. ಅಪ್ಪ ಮಾತಾಡದೆ ಎತ್ತಿ ಹೊರಗೆಸೆಯುತ್ತಿದ್ದರಂತೆ. ಯಾಕೆ ಅಂತ ಇವಳಿಗೆ ಇವತ್ತಿಗೂ ಗೊತ್ತಿಲ್ಲ.

ನೊರೀನ್ ಕೊಟ್ಟಿದ್ದ ಟಾರ್ಟ್ ಕೈಯಲ್ಲೇ ಉಳಿಯಿತು. ಡ್ಯಾಂಡೆಲಿಯನ್ ಕಂಡರಾಗದ ಮನುಷ್ಯ ಕಾಡಿಗೆ ಹೋಗಿ ಹದಿನಾಲ್ಕು ಡ್ಯಾಂಡೆಲಿಯನ್ ಎಣಿಸಿದ್ದಾನೆಯೆ? ಮತ್ತೆ ಟಗರುತಲೆ "ಲೆಕ್ಕವಿಲ್ಲದಷ್ಟು" — ಅದು ಯಾವ ಕಾಡಿನಲ್ಲಿ ಲೆಕ್ಕವಿಲ್ಲದಷ್ಟು ಇರುತ್ತದೆ! ಮಿಲ್ಲಿನ ಅಂಗಳದ ತುಂಬ ಇದ್ದದ್ದು ಏನು? ಕಣ್ಣೆದುರೇ ಇತ್ತು. ಸರ್ವೆಯರ್ ದಿಕ್ಕಿನಲ್ಲಿ ಸುಳ್ಳು ಬರೆದಾನೆಯೆ, ಕೈಯೇ ಬಂದಿರುವುದಿಲ್ಲ. ಹೆಸರು ಅದಲುಬದಲು ಮಾಡಿದ್ದಾರೆ. ಡ್ಯಾಂಡೆಲಿಯನ್ ಹುಡುಕಿಕೊಂಡು ಯಾವ ಕಳ್ಳನೂ ಹೋಗುವುದಿಲ್ಲ. ನಾನೂ ಹೋಗಲಿಲ್ಲ, ದಡ್ಡಿ. ಆ ಸುಣ್ಣಕಲ್ಲಿನ ಹಾಸು ನನಗೆ ಗೊತ್ತಿರುವ ಜಾಗವೇ.

ಮೇ 28, ಬೆಳಿಗ್ಗೆ 9, ಕಾರಿನಲ್ಲಿ
ಇವೆ.

ಹನ್ನೆರಡು. ಹನ್ನೊಂದು ಕೆಂಪು, ಒಂದು ಬಿಳಿ. ಬಾಗಿದ ಸೀಡರ್‌ನಿಂದ ಪೂರ್ವಕ್ಕೆ ಒಂಬತ್ತು ಹೆಜ್ಜೆ, ಒಂದಿಂಚು ಆಚೀಚೆ ಇಲ್ಲ. ಕೆಂಪಿನವು ಎಲ್ಲ ತಲೆ ತಗ್ಗಿಸಿ ಗುಮ್ಮಲು ನಿಂತ ಟಗರುಮರಿಗಳೇ. ಗಲ್ಲದ ತುಂಬ ನೆತ್ತರುಬಣ್ಣದ ಬಲೆ, ಬಾಯಿಯ ಸುತ್ತ ಬಿಳಿ ತುಪ್ಪಳ. ಅವುಗಳ ನಡುವೆ ಬಿಳಿಯದು. ಅದರ ಬಲೆ ಎಳೆ ಹಸಿರು, ಇದೆಯೋ ಇಲ್ಲವೋ ಅನ್ನುವಷ್ಟು. ಬೆಳಕು ಒಳಗಿಂದಲೇ ಬಂದಂತೆ. ಅತ್ತುಬಿಟ್ಟೆ.

ಬಿಳಿಯದರ ಮೇಲಿನ ದಳ ಇನ್ನೂ ಎದ್ದು ನಿಂತಿದೆ. ದುಂಬಿ ಬಂದುಹೋದರೆ ದಿನದೊಳಗೆ ಅದು ಬಾಯಿ ಮುಚ್ಚಿಬಿಡುತ್ತದೆ. ಆರ್ಡನ್‌ರನ್ನು ಕರೆತರುವುದು ನಾಳೆಯೇ ಆಗಬೇಕು.

ನೊರೀನ್‌ಗೆ ಫೋನು ಮಾಡಿದೆ. ಸೊಂಟ, ಬೇರು, ನೊಣ ಅಂತ ಒಂದು ಪಟ್ಟಿಯನ್ನೇ ಓದಿದಳು. ಕೊನೆಗೆ "ಬಿದ್ರೆ ನೀನೇ ಹೊತ್ಕೊಂಡ್ ಬಾ" ಅಂದಳು. ಅಂದರೆ ಸರಿ ಅಂತ.

ಮೇ 29, ಸಂಜೆ 4
ನೊರೀನ್ ಕಾರಿನಲ್ಲಿ ರಸ್ತೆಯಲ್ಲೇ ಉಳಿಯಬೇಕು ಅಂದರು ಆರ್ಡನ್. ನಿಯಮ ನಿಯಮವೇ. ಗಾಳ ಬೇರೆ ತಂದಿದ್ದರು! ಮುಕ್ಕಾಲು ಮೈಲಿಗೆ ಎರಡು ಗಂಟೆ. ನನ್ನ ಭುಜ ಹಿಡಿದು ನಡೆದರು, ಸೀಡರ್ ಸಿಕ್ಕಮೇಲೆ ಹೆಜ್ಜೆ ತಾವೇ ಎಣಿಸಿದರು. ಹೆಜ್ಜೆ ಚಿಕ್ಕದಾಗಿದೆ ಈಗ, ಹದಿನೇಳಾಯಿತು. ಆಮೇಲೆ ನನ್ನ ಕೋಟಿನ ಮೇಲೆ ಮಲಗಿಸಿದೆ.

ನೇರ ನೋಡಿದರು. ಮಚ್ಚೆ. ಮುಖ ಪಕ್ಕಕ್ಕೆ ತಿರುಗಿಸಿದರು, ಹೂ ಬಿಟ್ಟು ನನ್ನ ಬೂಟಿನ ಕಡೆಗೆ. ಹಾಗೇ ಉಳಿದರು. ಕಾಣಲಿಲ್ಲ ಅಂದುಕೊಂಡೆ.

"ಗುಮ್ಮೋಕೆ ನಿಂತಿದೆ, ಪೋಕರಿ. ಕಣ್ಣಂಚಲ್ಲಿ ಕಾಣತ್ತೆ. ಮೇಲಿನ್ ದಳ ಎದ್ದಿದೆ, ಅಲ್ವಾ?"

ಹೌದು ಅಂದೆ.

ತುಂಬ ಹೊತ್ತು ಹಾಗೇ, ನನ್ನ ಬೂಟು ನೋಡುತ್ತ ಹೂ ನೋಡಿದರು. ಆಮೇಲೆ ಹೇಳಿದರು: "ಲಾರ್ನಾ ಕೇಳ್ತಾನೇ ಇದ್ಲು, ಎಲ್ಲಿಗೆ ಹೋಗ್ತೀರಿ, ಏನು ನೋಡ್ತೀರಿ ಅಂತ. ಡ್ಯಾಂಡೆಲಿಯನ್ ಅಂದ್ಬಿಟ್ಟೆ. ಇಪ್ಪತ್ತು ವರ್ಷ ಅದನ್ನೇ ಅಂದೆ, ಮೇವಿಸ್. ತೋರಿಸ್ಲೇ ಇಲ್ಲ."

ಹೂದಾನಿ ನೆನಪಾಯಿತು.

"ಹೋಗು. ನೊರೀನ್‌ನ ಕರ್ಕೊಂಡ್ ಬಾ."

ಓಡಿದೆ. ಬೇರೆ ದಾರಿಯಲ್ಲೇ ಓಡಿದೆ, ಅಭ್ಯಾಸ. ನೊರೀನ್ ಬಂದು ಅಪ್ಪನ ಪಕ್ಕ ಮಲಗಿದಳು, ಜೀನ್ಸಿಗೆ ಕೆಸರಾಗುವುದನ್ನೂ ನೋಡದೆ. ಇಷ್ಟು ಚಿಕ್ಕದಾ ಅಂತ ಕೇಳಿದಳು. ನಾನು ಸೀಡರ್‌ಗೆ ಬೆನ್ನು ಹಾಕಿ ನಿಂತೆ.

ಮೇ 30
ಟಾರ್ಟ್ ನೆಪದಲ್ಲಿ ಹೋಗಿ ಬಂದೆ. ಊಟದ ಮೇಜಿನ ಮೇಲೆ ಹೂದಾನಿ, ಅದರ ತುಂಬ ಡ್ಯಾಂಡೆಲಿಯನ್. ನೊರೀನ್ ಇಟ್ಟದ್ದು. ಆರ್ಡನ್ ಅದರ ಎದುರೇ ಕೂತು ಕಾಫಿ ಕುಡಿಯುತ್ತಿದ್ದರು, ಮುಖ ಕಿಟಕಿಯ ಕಡೆ ತಿರುಗಿಸಿ. ನನಗೆ ಈಗ ಗೊತ್ತು, ಅವರು ಕಿಟಕಿ ನೋಡುತ್ತಿರಲಿಲ್ಲ.

ಎಲ್ಲ ಬರೆದಿಡಬೇಕು. ನನಗೂ ವಯಸ್ಸಾಗುತ್ತಿದೆ, ಮರೆತರೆ ಕಷ್ಟ. ನಿಜವಾದ ಜಾಗ ಬರೆದ ಮೇಲಿನ ಮೂರು ಪುಟ ಹರಿದು ಒಲೆಗೆ ಹಾಕಬೇಕು, ಅದು ಆಮೇಲೆ. ಮೊದಲು ಇದು—

ನಿನ್ನೆ ಕಂಡದ್ದು: ಡ್ಯಾಂಡೆಲಿಯನ್. ಹನ್ನೆರಡು. ಅದರಲ್ಲಿ ಒಂದು ಬಿಳಿ.