ಉತ್ತರದವನ ಉತ್ತರ

ಬಕ್‌ಸೆಲೆ, ಉತ್ತರ ಸ್ವೀಡನ್
ಮೇ ೧೯

ಪ್ರೀತಿಯ ಆಸ್ತಾ,

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಮಿನುಗುತ್ತಿರುವ ಹಸಿರು ದೀಪಗಳೇ, ಹಳೆಯ ಹಾಲಿನ ಡೈರಿಯ ನೆಲಮಾಳಿಗೆಯಲ್ಲಿ ಸುರುಳಿ ಸುತ್ತಿ ಕುಳಿತಿರುವ ಕೇಬಲ್ ಬಾಂಧವರೇ, ದಕ್ಷಿಣದ ಮಾಲ್ಮೊದ ರಂಗಮಂದಿರದಲ್ಲಿ ರಾಜರಾಣಿಯರಿಗೆ ನಿಲುವಂಗಿ ಹೊಲಿಯುತ್ತಿರುವ ಏಕೈಕ ಶ್ರೋತೃವೇ, ನಮ್ಮ ಗ್ರಾಮ ಅಂತರ್ಜಾಲ ಸಂಘದ ಸರ್ವರಿನಲ್ಲಿ ಮಾತು ಕಾಣೆಯಾದ ಪ್ರಕರಣದ ವರದಿ ಒಪ್ಪಿಸಲು ಅಪ್ಪಣೆಯಾಗಲಿ. ಅದಕ್ಕೂ ಮೊದಲು, ನಿನ್ನ ಬಲ ಮಣಿಕಟ್ಟು ಹೇಗಿದೆ? ದಪ್ಪ ಬಟ್ಟೆಗೆ ಕತ್ತರಿ ಹಾಕಿದ ದಿನ ಅದು ಊದುತ್ತದೆ, ನೀನು ಊದಿಲ್ಲ ಅನ್ನುತ್ತೀ. ನಾನು ಸೌಖ್ಯ. ಸರೋವರದ ಮಂಜುಗಡ್ಡೆ ದಡ ಬಿಟ್ಟು ನಡುವೆ ತೇಲುತ್ತಿದೆ. ಬೆಳಕು ಮಾತ್ರ ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತದೆ. ಮಲಗಿದರೂ ನಿದ್ದೆಯೋ ಎಚ್ಚರವೋ ತಿಳಿಯದು.

ಪ್ರಕರಣ ನಿನಗೆ ಗೊತ್ತಿರುವುದೇ. ಹೋದ ತಿಂಗಳು ಫೋನಿನಲ್ಲಿ ನೀನು ಕೇಳಿದೆ: “ಎವರ್ಟ್, ಇಲ್ಲಿ ಇನ್ನೂ ಮೂರು ವರ್ಷ ಇರಿ ಅಂತಿದಾರೆ. ಸಹಿ ಹಾಕ್ಲಾ, ಮನೆಗೆ ಬರ್ಲಾ? ನಾನು ಬರ್ಲಿ ಅಂತ ನಿಂಗೆ ಇದೆಯಾ?” ನಾನು ಉತ್ತರ ಕೊಟ್ಟೆ. ಉತ್ತರದವನ ಉತ್ತರ ದಕ್ಷಿಣಕ್ಕೆ ಸೇರಲಿಲ್ಲ. “ಸರಿ ಬಿಡು, ಗೊತ್ತಾಯ್ತು” ಎಂದು ನೀನು ಫೋನ್ ಇಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಈ ತಿಂಗಳ ಕೊನೆಗೆ ನೀನು ಸಹಿ ಹಾಕಬೇಕು. ಊರಿನ ಫೋನುಗಳೆಲ್ಲ ಓಡುವ ಈ ಜಾಲ ನೋಡಿಕೊಳ್ಳುವವನು ನಾನೇ ಆದ್ದರಿಂದ ಕಳ್ಳನನ್ನು ಹುಡುಕುವ ಹೊಣೆಯೂ ನನ್ನ ತಲೆಗೇ ಬಂತು.

ಸರ್ವರ್ ಮಾತನ್ನು ತುಂಡರಿಸಿ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಕಳಿಸುತ್ತದೆ. ಆ ಕಡೆ ಬಿಚ್ಚಿ ಜೋಡಿಸಿದರೆ ಮತ್ತೆ ಮಾತು. ನಡುವೆ ಕೆಲವು ಕಾಣೆ. ಅದೂ ಯಾವಾಗಲೂ ಅಲ್ಲ. ಕಾವಲು ಕೂತರೆ ಒಂದೂ ಬೀಳದು, ಕಾಫಿಗೆ ಎದ್ದರೆ ಒಂದೂ ಉಳಿಯದು. ಕೇಬಲ್ ಬದಲಿಸಿದೆ, ಕೇಬಲ್‌ಗಳೆಲ್ಲ ಬಂದು ಕೂಡುವ ಸ್ವಿಚ್ ಪೆಟ್ಟಿಗೆಯ ಕಿಂಡಿ ಬದಲಿಸಿದೆ. ತಂತಿ ಸರಿ, ತುದಿ ಸರಿ, ತಲೆಯೊಂದೇ ಗಿರಿಗಿರಿ. ಡೈರಿಯ ಗೋಡೆಗಳಲ್ಲಿ ಇನ್ನೂ ಚೀಸಿನ ವಾಸನೆ ಇದೆ. ಅದರಲ್ಲಿ ಕಣ್ಣು ಮುಚ್ಚಿ ಕೂತರೆ ಪೊಟ್ಟಣಗಳು ದಕ್ಷಿಣಕ್ಕೆ ಹೊರಟ ಕೊಕ್ಕರೆಗಳಾಗುತ್ತಿದ್ದವು. ಕೆಲವು ಜೌಗಿನಲ್ಲಿ ಇಳಿದವು, ಕೆಲವು ಬಿಳಿ ಆಕಾಶದಲ್ಲಿ ಕರಗಿದವು. ನನ್ನ ಉತ್ತರವನ್ನು ಹೊತ್ತ ಒಂದು, ಇಳಿಯಲು ಜಾಗ ಕಾಣದೆ ಎಲ್ಲೋ ಇನ್ನೂ ಸುತ್ತುತ್ತಿದೆ ಅನ್ನಿಸುತ್ತಿತ್ತು. ಸಂಘದ ಅಧ್ಯಕ್ಷೆ ಗುನ್‌ಬ್ರಿಟ್ ಮೆಟ್ಟಿಲ ಮೇಲಿಂದ ಇಣುಕಿ, “ಲೋ, ರಿಪೇರಿ ಮಾಡ್ತಿದೀಯೋ, ಪ್ರಾರ್ಥನೆ ಮಾಡ್ತಿದೀಯೋ? ಎರಡೂ ಆಗ್ದಿದ್ರೆ ಮೇಲ್ ಬಾ, ಕಾಫಿ ಆರ್ತಿದೆ” ಎಂದಳು.

ಕೊನೆಗೆ ಸಿಕ್ಕಿತು. ಒಂದೇ ಕೇಬಲ್ಲಿನ ಎರಡು ತುದಿ. ಸರ್ವರಿನ ಕಡೆಯದು, ಇಬ್ಬರೂ ಒಟ್ಟಿಗೇ ಮಾತಾಡಬಹುದು ಎಂದು ನಂಬಿಕೊಂಡಿದೆ. ಸ್ವಿಚ್ಚಿನ ಕಡೆಯದು, ಒಬ್ಬರಾದ ಮೇಲೆ ಒಬ್ಬರು ಎಂದು. ಮಾತು ಕಡಿಮೆಯಿದ್ದಾಗ ಸಂಸಾರ ಸುಗಮ. ಹೆಚ್ಚಾದಾಗ ಡಿಕ್ಕಿ, ಡಿಕ್ಕಿಯಾದದ್ದೆಲ್ಲ ಕಸಕ್ಕೆ. ಎರಡಕ್ಕೂ ಒಂದೇ ನಿಯಮ ಹಾಕಿದೆ. ಅಂದಿನಿಂದ ಹೊರಟ ಪೊಟ್ಟಣವೆಲ್ಲ ಸೇರುತ್ತಿದೆ. ಕಳ್ಳ ಸಿಕ್ಕಿದ ಎಂದು ನಾನು ಸಣ್ಣಗೆ ಸಿಳ್ಳೆಯನ್ನೂ ಹಾಕಿದೆ.

ಆಮೇಲೆ ಪರೀಕ್ಷೆ. ಗುನ್‌ಬ್ರಿಟ್ ಮಹಡಿಯಿಂದ ಫೋನ್ ಮಾಡಿ, “ಎವರ್ಟ್, ಕೇಳಿಸ್ತಿದೆಯಾ?” ಎಂದಳು. ಗಂಟೆ ಹೊಡೆದಷ್ಟು ಸ್ಪಷ್ಟ. ಉತ್ತರಿಸಿದೆ. “ಲೋ, ಕೇಳಿಸ್ತಿದೆಯೇನೋ?” ಮತ್ತೆ ಉತ್ತರಿಸಿದೆ. ಅವಳು ದಡದಡ ಇಳಿದು ಬಂದಳು: “ಬದುಕಿದೀಯಲ್ಲ ಮಾರಾಯ. ಬಾಯಲ್ಲಿ ಏನಿಟ್ಕೊಂಡಿದೀಯ?” ಏನೂ ಇರಲಿಲ್ಲ. ನಾನು ನಮ್ಮ ಉತ್ತರದ ಕಡೆಯವರ ರೀತಿಯಲ್ಲಿ ‘ಹೌದು’ ಹೇಳಿದ್ದೆ: ತುಟಿ ಚೂಪು ಮಾಡಿ, ಸುಯ್ಯೆಂದು ಉಸಿರು ಒಳಕ್ಕೆ. ದಾಖಲೆ ತೆಗೆದು ನೋಡಿದೆ. ಒಂದು ಪೊಟ್ಟಣವೂ ಬಿದ್ದಿಲ್ಲ. ಬಿಚ್ಚಿದರೆ ಒಳಗೆ ಬರೀ ಮೌನ. ಫೋನು ಅದನ್ನು ಗಾಳಿಯ ಸದ್ದು ಎಂದು ಅಳಿಸಿ, ಖಾಲಿಯನ್ನೇ ಅಚ್ಚುಕಟ್ಟಾಗಿ ಕಟ್ಟಿ ಕಳಿಸಿತ್ತು. ಗುನ್‌ಬ್ರಿಟ್ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: “ಆಸ್ತಾಗೂ ಹೀಗೇ ಹೇಳಿದ್ಯೇನೋ?” ನಾನು ಉಸಿರೆಳೆದೆ. ಎದುರಿಗಿದ್ದಳಲ್ಲ, ಅವಳಿಗೆ ಅರ್ಥವಾಯಿತು.

ನಿನಗೆ ನೆನಪಿದೆಯಾ? ನನ್ನನ್ನು ಕಂಡ ಹೊಸತರಲ್ಲಿ ನೀನು ಇವನಿಗೆ ಉಬ್ಬಸ ಅಂದುಕೊಂಡಿದ್ದೆ. ಮದುವೆಯಲ್ಲಿ ಸ್ಟಾಕ್‌ಹೋಮಿನ ಆ ಪಾದ್ರಿ ನನ್ನ ಒಪ್ಪಿಗೆಗೆ ಕಾದು ಕಾದು, “ವರ ಬಾಯ್ಬಿಟ್ಟು ಹೇಳ್ಬೇಕಪ್ಪಾ” ಎಂದಾಗ, “ಹೇಳಾಯ್ತು ಗುರುಗಳೇ, ನಂಗೆ ಕೇಳಿಸ್ತು. ಮುಂದಿನದು ಓದಿ” ಎಂದವಳು ನೀನೇ. ದಿನದ ಮಾತಿಗೆ ನನಗೂ ನಾಲಗೆ ಇದೆ. ಎದೆಯ ಮಾತು ಬಂದಾಗ ಉಸಿರು ತಾನಾಗಿ ಒಳಕ್ಕೆ ಓಡುತ್ತದೆ.

ಇಲ್ಲಿಗೆ ವರದಿ ಮುಗಿಯಿತು. ಗುನ್‌ಬ್ರಿಟ್ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಮಣಿಕಟ್ಟಿಗೆ ಉಣ್ಣೆಯ ಪಟ್ಟಿ ಸುತ್ತಿಕೋ.

ನಿನ್ನ
ಎವರ್ಟ್

ತಾ.ಕ.: ಹಳದಿ ಅಂಚೆ ಗಾಡಿ ತಿರುವಿನಲ್ಲಿ ಕಾಣಿಸುತ್ತಿದೆ. ಸಭೆಯೂ ಇಲ್ಲ, ವರದಿಯೂ ಇಲ್ಲ ಆಸ್ತಾ. ಒಂದು ಪದ ಬರೆಯಲು ಅಂಜಿ ಇಷ್ಟುದ್ದ ಸುತ್ತಿದೆ. ಕಾಗದದ ಮೇಲೆ ಉಸಿರೆಳೆಯಲು ಬರುವುದಿಲ್ಲ. ಹೌದು. ಬಾ.