ಎತ್ತುಗಳ ಕಟ್ಟೆಗೆ ತಂದ ಬಿಳಿ ಕಲ್ಲು

21-7-1998, ಮಂಗಳವಾರ

ನನ್ನ ತಂಗಿಯ ಮಗಳು, ನನಗೂ ಮಗಳೇ ಆದ ಮೀನಾಗೆ,

ದೊಡ್ಡವ್ವ ರಾಚವ್ವನ ತುಂಬು ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ ಎಂದು ಬರೆದೇ ಮುಂದಿನ ಮಾತಿಗೆ ಹೋಗುವುದು ನನ್ನ ರೂಢಿ. ಇವತ್ತು ಆ ಸಾಲು ಬಿಟ್ಟಿದ್ದೇನೆ.

ಬೈಲಹೊಂಗಲದಿಂದ ನೀನು ಎಡಗೈಯಲ್ಲಿ ಬರೆದ ಕಾಗದ ಮುಟ್ಟಿತು. ಅಕ್ಷರ ಸೊಟ್ಟಗಾಗಿವೆ ಎಂದು ನಾಚಿಕೊಂಡಿದ್ದೀಯಲ್ಲ, ನನ್ನ ಅಕ್ಷರ ಯಾವತ್ತು ನೆಟ್ಟಗಿದ್ದವು ಹೇಳು. ಕಿರಾಣಿ ಅಂಗಡಿಯ ಪುಡಿಕೆ ಬಿಚ್ಚಿ ಓದಿ, ಸವದತ್ತಿ ಬಸ್ಸಿನ ಬೋರ್ಡು ನೋಡಿ ಅಕ್ಷರ ಕೂಡಿಸಿಕೊಂಡವಳು ನಾನು. ನಿನ್ನ ಸೊಟ್ಟ ಅಕ್ಷರ ನನಗೆ ನಮ್ಮವರದೇ ಅನ್ನಿಸಿತು. ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಬಿಸಿ ಎಣ್ಣೆ ಹಚ್ಚು, ಬೆರಳು ಮಡಚಿ ಬಿಚ್ಚಿ ಮಾಡು. ನೋಯುತ್ತದೆ ಎಂದು ಬಿಡಬೇಡ.

ಮೂರು ಮಾತು ಕೇಳಿದ್ದೀ. ನೌಕರಿಗೆ ರಾಜೀನಾಮೆ ಕೊಡಲೇ ಎಂದು. ಕಲ್ಲು ಸರಿಸಿದ್ದು ಮಹಾಂತಪ್ಪ ಅಲ್ಲ, ನನ್ನ ಕ್ಲಾಸಿನ ಮಕ್ಕಳು ಎಂದು ಠಾಣೆಗೆ ಹೋಗಿ ಫೌಜದಾರರ ಮುಂದೆ ಹೇಳಿಬಿಡಲೇ ಎಂದು. ಸತ್ಯವ್ವ ಹೇಗಿದ್ದಾಳೆ ಎಂದು. ಕಡೆಯದಕ್ಕೆ ಮೊದಲು ಉತ್ತರ: ಸತ್ಯವ್ವ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ಸಾಲೆಗೆ ಹೋಗುತ್ತಾಳೆ. ಆ ಚಿಂತೆ ಬಿಡು.

ಉಳಿದದ್ದಕ್ಕೆ ಸ್ವಲ್ಪ ಹಿಂದಿನಿಂದ ಬರುತ್ತೇನೆ. ನೀನು ನಮ್ಮೂರ ಸಾಲೆಗೆ ಕಲಿಸಲು ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡ ವರ್ಷ ಊರವರು ನಿನಗೆ ಇಟ್ಟ ಹೆಸರು ನೆನಪಿದೆಯೇ? ಮಣ್ಣಾಟದ ಅಕ್ಕೋರು. ಹುಣಸೆಬೀಜದಿಂದ ಲೆಕ್ಕ ಮಾಡಿಸಿದೆ, ಎಲೆಗೆ ಬಣ್ಣ ಹಚ್ಚಿ ಹಾಳೆಯ ಮೇಲೆ ಒತ್ತಿಸಿದೆ. ಕಿತ್ತೂರಿಗೆ ಟೆಂಪೋದಲ್ಲಿ ಕರೆದೊಯ್ದು ಕೋಟೆಯ ಗೋಡೆಯ ನೆರಳನ್ನು ಹೆಜ್ಜೆ ಹಾಕಿ ಅಳೆಯಿಸಿದೆ. ಕಲ್ಮೇಶನಂತೂ ಕಟ್ಟೆಯ ಮೇಲೆ ಕೂತು, "ಅಕ್ಕೋರ, ನೆರಳ ಅಳಿಯೂದು ಕಲಿಸೀರಿ, ಇನ್ನ ಗಾಳಿ ತೂಗೂದು ಯಾವಾಗ್ರಿ?" ಎಂದು ಚಾಷ್ಟಿ ಮಾಡುತ್ತಿದ್ದ. ಮಾಡಿದರೂ ತನ್ನ ಮಗಳು ಸತ್ಯವ್ವ ಒತ್ತಿದ ಎಲೆಯ ಚಿತ್ರವನ್ನು ಪಡಸಾಲೆಯ ಗೋಡೆಗೆ ಅಂಟಿಸಿಕೊಂಡಿದ್ದ. ಅದು ಇವತ್ತಿಗೂ ಅಲ್ಲೇ ಇದೆ.

ಮಣ್ಣೆತ್ತಿನ ಅಮವಾಸ್ಯೆ ಬಂತು. ಎತ್ತುಗಳನ್ನು ಕುಂಬಾರರಿಂದ ತರುವುದು ಬೇಡ, ಮಕ್ಕಳೇ ಮಾಡಲಿ ಎಂದು ನೀನು ಹಿಂದಿನ ದಿನ ಎಲ್ಲರನ್ನೂ ಹಳ್ಳಕ್ಕೆ ಕರೆದೊಯ್ದೆ. ಮೊದಲ ಮಳೆಗೆ ಮಣ್ಣು ಜಿಗಿಯಾಗಿತ್ತು. ಎತ್ತು ಮಾಡಿದಿರಿ, ಅವು ಮೇವು ತಿನ್ನಲು ಗ್ವಾದಲಿ ಮಾಡಿದಿರಿ, ಅಂಚನ್ನು ಹೆಬ್ಬೆರಳಿನಿಂದ ಸಾಲಾಗಿ ಒತ್ತಿ ಸಿಂಗಾರ ಮಾಡುವುದನ್ನು ಕಲಿಸಿದೆ. ಆ ಸಂಜೆ ಮನೆಗೆ ಬಂದಾಗ ನಿನ್ನ ಸೀರೆಯ ತುಂಬ ಮಣ್ಣಿನ ಅಂಗೈಗಳು. ನಾನು ಬೈದೆ, ನೀನು ನಕ್ಕೆ. ಆ ನಗು ನನ್ನ ಕಿವಿಯಲ್ಲಿದೆ.

ಎತ್ತು ನಿಲ್ಲಿಸಲು ಒಂದು ಚಪ್ಪಟೆ ಕಲ್ಲು ತನ್ನಿರಿ ಎಂದು ನೀನು ಹೇಳಿದ್ದಕ್ಕೆ ಸತ್ಯವ್ವ ಗೆಳತಿಯರ ಜೊತೆ ಗೋಣಿಚೀಲದಲ್ಲಿ ಜಗ್ಗಿಕೊಂಡು ಬಂದದ್ದು ಸುಣ್ಣ ಬಳಿದ ಕಲ್ಲು. ಬಿಳಿ ಕಲ್ಲಿನ ಮೇಲೆ ಕರಿ ಎತ್ತು ಚಂದ ಕಾಣುತ್ತವೆ ಎಂಬುದಷ್ಟೇ ಆ ಮಕ್ಕಳ ತಲೆಯಲ್ಲಿ. ಅದು ಸತ್ಯವ್ವನ ಅಪ್ಪನ ಹೊಲಕ್ಕೂ ಅವಳ ದೊಡ್ಡಪ್ಪ ಮಹಾಂತಪ್ಪನ ಹೊಲಕ್ಕೂ ನಡುವೆ ಮೋಜಣಿದಾರ ಅಳತೆ ಮಾಡಿ ನೆಟ್ಟುಹೋದ ಗಡಿಕಲ್ಲು ಎಂದು ಅವರಿಗೆ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ. ಹೊಲದಿಂದ ತಂದದ್ದು ಎಂದು ತಿಳಿದ ಕೂಡಲೇ ನೀನು ಪ್ರತಿ ಸಲ ಹೇಳುವ ಮಾತನ್ನೇ ಹೇಳಿದೆ, ತಂದದ್ದನ್ನು ತಂದಲ್ಲೇ ಇಡಬೇಕು ಎಂದು. ಹಕ್ಕಿಯ ಗರಿಗೂ ಅದೇ ಮಾತು, ಹಳ್ಳದ ಹರಳಿಗೂ ಅದೇ ಮಾತು.

ಮಕ್ಕಳು ಒಯ್ದರು. ದಾರಿಯಲ್ಲಿ ಚೀಲ ಹರಿಯಿತು, ಕೈ ಸೋತವು. ಮೊದಲಿದ್ದ ಜಾಗಕ್ಕೆ ಇನ್ನೊಂದು ಮಾರು ಇರುವಾಗ, ಕಲ್ಮೇಶನ ಹೊಲದ ಒಳಗೇ ಕಲ್ಲನ್ನು ನಿಲ್ಲಿಸಿದರು. ಬಿದ್ದೀತೆಂದು ಸುತ್ತ ಹಸಿ ಮಣ್ಣು ಮೆತ್ತಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕಲ್ಮೇಶ ಕಂಡದ್ದು ಇಷ್ಟೇ: ಗಡಿಕಲ್ಲು ತನ್ನ ಹೊಲದೊಳಗೆ ಬಂದಿದೆ, ಬುಡಕ್ಕೆ ಹೊಸ ಮಣ್ಣು ಮೆತ್ತಿದ್ದಾರೆ. ಕೊಡಲಿ ಹಿಡಿದು ಸೀದಾ ದಾಯಾದಿ ಮಹಾಂತಪ್ಪನ ಮನೆಯ ಮುಂದೆ ನಿಂತ. ನಾನು ನೀರಿನ ಕೊಡ ಹೊತ್ತು ಅದೇ ಓಣಿಯಲ್ಲಿದ್ದೆ. ಮಹಾಂತಪ್ಪ ಕೈ ಮುಗಿದು, "ನಾ ಮುಟ್ಟಿಲ್ಲೋ ತಮ್ಮಾ, ನಮ್ಮವ್ವನ ಆಣಿ" ಎಂದ. ಕಲ್ಮೇಶ, "ಹಂಗಾರ ಕಲ್ಲಿಗೆ ಕಾಲ ಬಂದೂವೇನ?" ಎಂದು ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಕೊಡಲಿ ಮಹಾಂತಪ್ಪನ ಹೆಗಲಿಗೆ ಬಿತ್ತು. ಎಲುಬು ಬಿಳಿಯಾಗಿ ಕಂಡಿತು, ಆಮೇಲೆ ರಕ್ತ ಬಂತು. ಮಹಾಂತಪ್ಪನ ಕೈಗೆ ಸಿಕ್ಕಿದ್ದು ಗೋಡೆಗೆ ಒರಗಿಸಿಟ್ಟ ಹಾರೆ. ಒಂದೇ ಏಟಿಗೆ ಕಲ್ಮೇಶನ ದವಡೆ ಮುರಿಯಿತು, ಕೊಡಲಿ ಕೈಬಿಟ್ಟಿತು. ಓಡಿದ. ಯಾಕೆ ಸಾಲೆಯ ಕಡೆಗೇ ಓಡಿದ ಎಂದು ಊರವರು ಇನ್ನೂ ಕೇಳುತ್ತಾರೆ. ಮಗಳು ಅಲ್ಲಿದ್ದಳಲ್ಲ, ಇನ್ನೇನು ಕಾರಣ ಬೇಕು.

ಮುಂದಿನದು ನಿನ್ನ ಕಣ್ಣ ಮುಂದೆಯೇ ಆಯಿತು. ಸಾಲೆಯ ಪಡಸಾಲೆಯಲ್ಲಿ ಜೋಡಿಸಿಟ್ಟ ಎತ್ತುಗಳ ಮೇಲೆ ಕಲ್ಮೇಶ ಬಿದ್ದ. ನೀನು ಮಕ್ಕಳನ್ನು ಒಳಗೆ ನೂಕಿ ಬಾಗಿಲಿಗೆ ಅಡ್ಡ ಕೈ ಇಟ್ಟೆ, ಹಾರೆ ಮೊದಲು ನಿನ್ನ ಮಣಿಕಟ್ಟಿಗೆ ಬಡಿಯಿತು. ನಾನು ಕೊಡ ಒಗೆದು ಓಡಿ ಬರುವಷ್ಟರಲ್ಲಿ ಮಹಾಂತಪ್ಪ ಹೊಡೆಯುತ್ತಲೇ ಇದ್ದ. ಕಲ್ಮೇಶ ಸತ್ತ ಮೇಲೂ ಹೊಡೆದ. ರಕ್ತಕ್ಕೆ ಮಣ್ಣು ಮತ್ತೆ ಹಸಿಯಾಯಿತು, ಎತ್ತು ಯಾವುದು ಗ್ವಾದಲಿ ಯಾವುದು ಗುರುತು ಉಳಿಯಲಿಲ್ಲ. ಆಮೇಲೆ ಹಾರೆ ಕೆಳಗಿಟ್ಟು, ನೀರು ಕೊಡ್ರಿ ಎಂದು ಕೇಳಿದ. ಯಾರೂ ಕೊಡಲಿಲ್ಲ.

ನೀನು ಆಸ್ಪತ್ರೆಯಲ್ಲಿ ನನ್ನ ಕಿವಿಯಲ್ಲಿ ಕಲ್ಲಿನ ಮಾತು ಹೇಳಿ, ಫೌಜದಾರರನ್ನು ಕರೆ ಅಂದಾಗ ಬೇಡ ಅಂದವಳು ನಾನೇ. ಆ ಹುಡುಗಿಯ ತಲೆಯ ಮೇಲೆ ಅಪ್ಪನ ಹೆಣ ಹೊರಿಸಬೇಡ ಅಂದೆ. ಸುಮ್ಮನಿದ್ದರೆ ಎಲ್ಲ ಆರುತ್ತದೆ ಅಂದುಕೊಂಡೆ. ಆರಲಿಲ್ಲ.

ಮಹಾಂತಪ್ಪ ಜೈಲಿಗೆ ಹೋದ, ಅವನ ಹೆಂಡತಿ ಕರೆವ್ವ ಮತ್ತು ಹರೆಯಕ್ಕೆ ಬಂದ ಮಗ ಮಧು ಊರಲ್ಲಿ ಉಳಿದರು. ಕಲ್ಮೇಶನ ತಮ್ಮ ನಿಂಗರಾಜ ಅಣ್ಣನ ಮಣ್ಣು ಮುಗಿಸಿ ಬಂದು ಅದೇ ಕೊಡಲಿಯನ್ನು ಎಲ್ಲರೂ ನೋಡುವಂತೆ ಕಟ್ಟೆಯ ಮೇಲೆ ಮಸೆದ. "ಕಲ್ಲ ಕಿತ್ತಾಂವ ಒಳಗ ಕುಂತಾನ, ಚೀಲ ಹಿಡದಾಂವ ಹೊರಗದಾನ" ಎಂದು ಸಾರಿದ. ಕಲ್ಲನ್ನು ಒಬ್ಬನೇ ಎತ್ತಲಾರ, ಅಪ್ಪನ ಜೊತೆ ಮಧುವೂ ಇದ್ದ ಎಂಬುದು ಅವನ ಲೆಕ್ಕ. ಮೊದಲು ಕರೆವ್ವನ ಬಣವೆ ಸುಟ್ಟಿತು. ಆಮೇಲೆ ಗಬ್ಬದ ಎಮ್ಮೆಯ ಹಿಂಗಾಲಿನ ನರ ಕಡಿದು ಹೋದರು. ಅದು ಎದ್ದೇಳಲು ಹೋಗಿ ಬೀಳುವುದು, ಮತ್ತೆ ಏಳಲು ಹೋಗುವುದು. ಒದರಾಟ ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಕರೆವ್ವ ಮಗನನ್ನು ರಾಮದುರ್ಗದ ಕಡೆ, ಸಾಲಹಳ್ಳಿಯ ತವರಿಗೆ ಸಾಗಿಸಿದಳು. ಎಮ್ಮೆಯ ಸುದ್ದಿ ಕೇಳಿ ಅವನು ಹೋದ ಮಂಗಳವಾರ ತಿರುಗಿ ಬಂದ.

ಆಷಾಢದ ಮಂಗಳವಾರ ಗುಳ್ಳವ್ವನ ಪೂಜೆ ಗೊತ್ತಲ್ಲ ನಿನಗೆ, ಹೆಣ್ಣುಮಕ್ಕಳೆಲ್ಲ ಗುಳ್ಳವ್ವನನ್ನು ಮಾಡುವ ಮಣ್ಣಿಗೆ ಹಳ್ಳಕ್ಕೆ ಹೋಗಿದ್ದರು. ಸತ್ಯವ್ವ ಹೋಗಿರಲಿಲ್ಲ. ಅಮವಾಸ್ಯೆಯಿಂದ ಅವಳು ಮಣ್ಣು ಮುಟ್ಟಿರಲಿಲ್ಲ, ನನ್ನ ಹತ್ತಿರ ಕೂತು ಶೇಂಗಾ ಸುಲಿಯುತ್ತಿದ್ದಳು. ಆಗ ಹೊಲದ ಕಡೆಯಿಂದ ಗದ್ದಲ ಕೇಳಿ ಇಬ್ಬರೂ ಓಡಿದೆವು. ನಿಂಗರಾಜ ಬಸ್ಸಿಳಿದ ಮಧುವಿನ ಕುತ್ತಿಗೆಗೆ ಬಾರಕೋಲಿನ ಹಗ್ಗ ಬಿಗಿದು ದನವನ್ನು ಎಳೆದಂತೆ ಗಡಿಕಲ್ಲಿನವರೆಗೆ ಎಳೆದು ತಂದಿದ್ದ. ಹುಡುಗನ ಮೊಣಕಾಲಿನ ಚರ್ಮ ಹೋಗಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. "ಯಾ ಕೈಲೆ ಕಲ್ಲ ಎತ್ತಿದಿ, ಆ ಕೈ ಇದರ ಮ್ಯಾಲ ಇಡ" ಎನ್ನುತ್ತ ನಿಂಗರಾಜ ಕೊಡಲಿ ಎತ್ತಿ ನಿಂತಿದ್ದ. ಊರೆಲ್ಲ ಸುತ್ತ ನೆರೆದಿತ್ತು. ಬಿಡಿಸುವ ಒಂದು ಕೈ ಮುಂದೆ ಬರಲಿಲ್ಲ. ಬಸಯ್ಯ ಅಜ್ಜ ಒಬ್ಬ, "ಬ್ಯಾಡೋ ಯಪ್ಪಾ, ಒಂದು ಹೆಣ ಸಾಕು" ಎಂದು ಹೋದವನು ನೂಕಿಸಿಕೊಂಡು ಬದುವಿನ ಆಚೆ ಬಿದ್ದ. ಕರೆವ್ವ ತಾನೇ ತನ್ನ ಕೈಯನ್ನು ಕಲ್ಲಿನ ಮೇಲಿಟ್ಟು, "ನಂದು ಕಡಿ, ಅವನ್ನ ಬಿಡು" ಎಂದು ಒದರುತ್ತಿದ್ದಳು.

ಸತ್ಯವ್ವ ಯಾವಾಗ ನನ್ನ ಮಗ್ಗುಲಿಂದ ಸರಿದು ಹೋದಳೋ ಗೊತ್ತಾಗಲಿಲ್ಲ. ನೋಡುವಾಗ ಕಾಕಾನ ಕಾಲ ಬಳಿ ನಿಂತಿದ್ದಳು. "ಕಾಕಾ, ಕಲ್ಲ ನಾ ಇಟ್ಟೇನಿ" ಅಂದಳು. ಅವನಿಗೆ ಕೇಳಲಿಲ್ಲವೋ, ಕೇಳಿಯೂ ಒಪ್ಪಲಿಲ್ಲವೋ, ಮೊಣಕಾಲಿನಿಂದ ಒದ್ದ. ಹುಡುಗಿ ಬಿದ್ದು ತುಟಿ ಒಡೆಯಿತು. ಅಳಲಿಲ್ಲ. ಬಿದ್ದಲ್ಲಿಂದಲೇ ತೆವಳಿ ಕಲ್ಲಿನ ಬುಡಕ್ಕೆ ಹೋಗಿ ಹೆಬ್ಬೆರಳು ಇಟ್ಟಳು.

ಮೀನಾ, ಅಮವಾಸ್ಯೆಯ ಮೇಲೆ ಇತ್ತ ಹನಿ ಮಳೆ ಬಿದ್ದಿಲ್ಲ. ಮೆತ್ತಿದ ಮಣ್ಣು ಬಿಸಿಲಿಗೆ ಬೆಂದು ಗಟ್ಟಿಯಾಗಿತ್ತು. ಅದರ ಅಂಚಿಗೆ ನೀನು ಕಲಿಸಿದ ಹಾಗೆ, ಗ್ವಾದಲಿಗೆ ಮಾಡಿದ ಹಾಗೆ, ಸಾಲಾಗಿ ಹೆಬ್ಬೆರಳಿನ ಗುರುತು. ಎಲ್ಲ ಸಣ್ಣ ಸಣ್ಣವು. ಪೊಲೀಸರು ಬಂದು ನೋಡಿದ ಕಲ್ಲು ಅದು, ಹಿರಿಯರು ಬಂದು ನೋಡಿದ ಕಲ್ಲು. ಹೊಸ ಮಣ್ಣು ಎಂದರೇ ಹೊರತು ಬಗ್ಗಿ ಆ ಬೆರಳು ಯಾರವು ಎಂದು ಯಾರೂ ನೋಡಿರಲಿಲ್ಲ. ಸತ್ಯವ್ವ ಒಂದು ಗುರುತಿನಲ್ಲಿ ಬೆರಳಿಟ್ಟಳು, ಸರಿಯಾಗಿ ಕೂತಿತು. ಮುಂದಿನದರಲ್ಲಿ ಇಟ್ಟಳು. ತುಟಿಯ ರಕ್ತ ಬೆರಳಿಗೆ ಹತ್ತಿ ಆ ಕುಳಿಗಳೆಲ್ಲ ಒಂದೊಂದಾಗಿ ಕೆಂಪಾದವು. ಕಲ್ಲನ್ನು ಪೂರ್ತಿ ಸುತ್ತಿ ಬಂದಳು.

ನಿಂಗರಾಜ ಹಗ್ಗ ಬಿಟ್ಟ. ಮಧು ನೆಲಕ್ಕೆ ಬಿದ್ದು ಉಸಿರು ಎಳೆದುಕೊಂಡ ಸದ್ದು ಈಗಲೂ ನನ್ನ ಎದೆಯಲ್ಲಿದೆ. ಎತ್ತಿದ ಕೊಡಲಿಗೆ ಎಲ್ಲಾದರೂ ಇಳಿಯಲೇಬೇಕಿತ್ತೋ ಏನೋ, ಅದನ್ನು ಕಲ್ಲಿನ ಮೇಲೆ ಹಾಕಿದ. ಮತ್ತೆ ಹಾಕಿದ. ಸುಣ್ಣದ ಚಕ್ಕೆ ಸಿಡಿದು ಅವನ ಹುಬ್ಬು ಹರಿಯಿತು. ಕೊಡಲಿಯ ಕಾವು ಮುರಿದ ಮೇಲೆ ಅಲ್ಲೇ ಕೂತು, "ಅಣ್ಣಾ, ಸುಮ್ನ ಸತ್ತೆಲ್ಲೋ" ಎಂದು ಎದೆ ಬಡಿದುಕೊಂಡ.

ಆದ್ದರಿಂದ ಫೌಜದಾರರ ಮಾತು ಇಷ್ಟಕ್ಕೆ ಮುಗಿಯಿತು. ಊರಿಗೆ ಊರೇ ಸಾಕ್ಷಿ ಇದೆ, ಅವರು ಕೇಳಿದರೆ ಇದ್ದದ್ದನ್ನು ಹೇಳು, ಕೇಳುವ ಮೊದಲು ಓಡಬೇಡ. ಮಹಾಂತಪ್ಪ ಮಾಡಿದ ಕೊಲೆ ಕೊಲೆಯೇ, ಅದು ತಪ್ಪುವುದಿಲ್ಲ. ಆದರೆ ಕರೆವ್ವನ ಬಾಗಿಲಿಗೆ ಈಗ ಜನ ಹೋಗುತ್ತಿದ್ದಾರೆ. ಎಮ್ಮೆ ಮಾತ್ರ ಉಳಿಯಲಿಲ್ಲ.

ರಾಜೀನಾಮೆಯ ಮಾತು. ಸಾಲೆಯ ಪಡಸಾಲೆಯನ್ನು ತೊಳೆದಿದ್ದೇವೆ, ಕಲೆ ಪೂರ್ತಿ ಹೋಗಿಲ್ಲ. ಮಕ್ಕಳು ಅಲ್ಲಿ ಕಾಲಿಡದೆ ಸುತ್ತಿ ಹೋಗುತ್ತಾರೆ. ಹೊಸದಾಗಿ ಬಂದ ಮಾಸ್ತರರು ಒಳ್ಳೆಯವರೇ, ಬಾಗಿಲು ಹಾಕಿಕೊಂಡು ಮಗ್ಗಿ ಹೇಳಿಸುತ್ತಾರೆ. ಹೊರಗೆ ಕರೆದೊಯ್ಯುವುದು ಇನ್ನು ಬಂದ್ ಎಂದು ಹಿರಿಯರು ಹೇಳಿದ್ದಾರೆ. ನಾನು ಅವರಿಗೆ ಏನು ಹೇಳಿದೆ ಎಂಬುದನ್ನು ಬರೆಯುವುದಿಲ್ಲ, ಮುದುಕಿಯ ಬಾಯಿ ಎಂದು ಬಿಟ್ಟರು. ನಿನ್ನ ನೌಕರಿ ನಿನ್ನದು, ಬಿಡುವುದೂ ನಿನ್ನದೇ. ಆದರೆ ಬಿಡುವುದಾದರೆ ಬೈಲಹೊಂಗಲದಲ್ಲಿ ಕೂತು ಬಿಡಬೇಡ, ಇಲ್ಲಿ ಬಂದು ಆ ಪಡಸಾಲೆಯಲ್ಲಿ ನಿಂತು ಬಿಡು. ಪಂಚಮಿ ಹತ್ತಿರ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಇದೂ ನಿನಗೆ ತವರೇ. ಎಳ್ಳುಂಡಿ ಕಟ್ಟುತ್ತೇನೆ. ನಿಮ್ಮವ್ವ ಕಳಿಸಲಾರೆ ಅಂದರೆ ನಾನು ಕರೆದೆ ಎಂದು ಹೇಳು.

ನಿನ್ನ ದಾರಿ ಕಾಯುವ,
ದೊಡ್ಡವ್ವ
ರಾಚವ್ವ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಸತ್ಯವ್ವ ಚೆನ್ನಾಗಿದ್ದಾಳೆ, ಸಾಲೆಗೆ ಹೋಗುತ್ತಾಳೆ ಎಂದು ಮೇಲೆ ಬರೆದದ್ದು ಸುಳ್ಳು. ಆ ದಿನ ಕಲ್ಲಿನ ಬಳಿಯಿಂದ ಅವಳನ್ನು ಮನೆಗೆ ಒಯ್ದಾಗ ಅವಳ ತಾಯಿ, "ಅಪ್ಪನ್ನ ತಿಂದು ಬಂದಿ" ಎಂದು ಒನಕೆ ಎತ್ತಿಕೊಂಡಳು. ಹುಡುಗಿಯ ಬಲಗೈಯ ಎರಡು ಬೆರಳು ಜಜ್ಜಿಹೋದವು. ಬಿಡಿಸಿ ತಂದವಳು ಕರೆವ್ವ. ಅಂದಿನಿಂದ ಸತ್ಯವ್ವ ನನ್ನ ಮನೆಯಲ್ಲಿದ್ದಾಳೆ. ನಿನ್ನೆಯವರೆಗೆ ಮಾತಿರಲಿಲ್ಲ. ಇವತ್ತು, ಗುಳ್ಳವ್ವನ ಮಂಗಳವಾರ, ತಾನಾಗಿ ಹಿತ್ತಲಿಗೆ ಹೋಗಿ ಎಡಗೈಯಿಂದ ಮಣ್ಣು ಕಲಸಿದಳು. ನಾನು ಈ ಕಾಗದ ಬರೆಯುವುದನ್ನು ನೋಡಿ ಬಂದು ಕೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಆಯಿ, ಅಕ್ಕೋರಿಗೆ ನನ್ನ ಮ್ಯಾಲ ಸಿಟ್ಟೈತೇನು? ತಂದಲ್ಲೇ ಇಡಬೇಕು ಅಂದಿದ್ರು. ನನ್ನ ಕೈ ಸೋತಿದ್ದೂ." ಇದಕ್ಕೆ ಉತ್ತರ ಕಾಗದದಲ್ಲಿ ಬರೆದು ಕಳಿಸಬೇಡ, ನೀನೇ ಬಾ.