ನಿನ್ನ ಮಗಳಿಗೆ ಮಾಡಿದ ಬ್ರೆಜಿಲ್ ಉಂಡೆ

ತಂಗೀ,

ಇದನ್ನು ಓದಲು ನೀನಿಲ್ಲ. ಆದರೂ ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ?

ಇವತ್ತು ನಿನ್ನ ಮಗಳ ಹುಟ್ಟುಹಬ್ಬ. "ಅಮ್ಮ ಮಾಡ್ತಿದ್ಲಲ್ಲ, ಆ ಬ್ರೆಜಿಲ್ ಚಾಕೊಲೇಟ್ ಉಂಡೆನೇ ಬೇಕು" ಎಂದು ಹಟ ಹಿಡಿದಳು. ನೀನು ಅದನ್ನು ಕಲಿತದ್ದು ನಾವಿಬ್ಬರೂ ಮಾತು ಬಿಟ್ಟ ಮೇಲೆ. ನಾನು ಅದರ ಹೆಸರು ಕೇಳಿದ್ದೇ ನೀನು ತೀರಿಕೊಂಡ ಮೇಲೆ, ಅವಳ ಬಾಯಿಂದ.

ಫೋನಿನಲ್ಲಿ ಮಾಡುವ ವಿಧಾನ ನೋಡಿಕೊಂಡು, ಕಂಡೆನ್ಸ್ಡ್ ಮಿಲ್ಕ್‌ಗೆ ಕೋಕೋ ಪುಡಿ, ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದೆ. ಮೊದಲ ಸಲ ತಳ ಹಿಡಿಯಿತು, ಚೆಲ್ಲಿದೆ. ಮತ್ತೆ ಮಾಡಿದಾಗ ಹದ ಬಂದು ಪಾತ್ರೆ ಬಿಟ್ಟಿತು. ಆರಿದ ಮೇಲೆ ಇಬ್ಬರೂ ಅಂಗೈಗೆ ಬೆಣ್ಣೆ ಸವರಿಕೊಂಡು ಪುಟ್ಟ ಉಂಡೆ ಕಟ್ಟಿ, ಚಾಕೊಲೇಟ್ ಚೂರಿನಲ್ಲಿ ಹೊರಳಿಸಿದೆವು.

"ದೊಡ್ಡಮ್ಮ, ನಿಮ್ದು ಆಲೂಗಡ್ಡೆ ಥರ ಇದೆ!" ಎಂದು ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕದ್ದನ್ನು ಕಂಡದ್ದು ಇವತ್ತೇ.

ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಆಮೇಲೆ ಮುಖ ಸಪ್ಪಗಾಯಿತು.

"ಅಮ್ಮಂದು ಹೀಗೇ ಇತ್ತಾ? ನಂಗೆ ನೆನಪೇ ಬರ್ತಿಲ್ಲ. ನೀವು ತಿಂದಿದ್ರಲ್ವಾ ದೊಡ್ಡಮ್ಮ?"

"ಹೂಂ ಪುಟ್ಟಿ, ಥೇಟ್ ಹೀಗೇ ಇತ್ತು" ಎಂದುಬಿಟ್ಟೆ.

ಅವಳು ನಂಬಿದಳು. ನೆಮ್ಮದಿಯಿಂದ ಇನ್ನೊಂದಕ್ಕೆ ಕೈ ಹಾಕಿದಳು. ಇನ್ನು ಮುಂದೆ ಅವಳಿಗೆ ನಿನ್ನ ಕೈರುಚಿ ಎಂದರೆ ಇದೇ.